ಕ್ಸೆನಾನ್

‘ಅಪರಿಚಿತ’ ಎಂಬರ್ಥದ ಗ್ರೀಕ್ ‘ಕ್ಸೆನೊಸ್’ನಿಂದ ಬಂದ ಹೆಸರು, ಝೆನಾನ್ ಎಂದೂ ಬರೆಯುವುದುಂಟು. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ, ಮಾರಿಸ್ ಟ್ರಾವರ್ಸ್ ಇದನ್ನು ದ್ರವಗಾಳಿ ಆವಿಯಾದ ಮೇಲೆ ಉಳಿದ ಶೇಷದಲ್ಲಿ ಕಂಡರು.

ಗಾಳಿಯ ಒಂದು ಕೋಟಿ ಪಾಲಿನಲ್ಲಿ ಕ್ಸೆನಾನ್ ಒಂದು ಪಾಲೂ ಇಲ್ಲ. ಹಾಗಾಗಿ ಇದಕ್ಕೆಂದೇ ಯಾರೂ ಗಾಳಿಯನ್ನು ದ್ರವವಾಗಿಸುವುದಿಲ್ಲ; ಆಮ್ಲಜನಕ ತಯಾರಿಸುವ ದೊಡ್ಡ ಘಟಕಗಳಲ್ಲಿ ದ್ರವ ಆಮ್ಲಜನಕದೊಡನೆ ತಳದಲ್ಲಿ ಉಳಿಯುವ ಕ್ರಿಪ್ಟಾನ್–ಕ್ಸೆನಾನ್ ಮಿಶ್ರಣವನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ಪಡೆಯುತ್ತಾರೆ. ಬೆಲೆ ದುಬಾರಿಯಾಗುವುದು ಸಹಜವೇ.

ಇದು ಬಣ್ಣ, ವಾಸನೆ ಇಲ್ಲದ ಜಡಾನಿಲ. ಜಡಾನಿಲಗಳು ಯಾವುದರೊಡನೆಯೂ ಕೂಡುವುದಿಲ್ಲವೆಂಬ ಪಠ್ಯಪುಸ್ತಕದ ಮಾತು 1962ರಲ್ಲಿ ಬಿದ್ದುಹೋಯಿತು: ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಕಡುಗೆಂಪು ಆವಿಗೆ ಕ್ಸೆನಾನ್ ಬೆರೆಸಿದೊಡನೆ ಹಳದಿ ಘನವಸ್ತು ಮೂಡಿತು. ಫ್ಲೋರಿನ್ನಿನ ಎರಡು, ನಾಲ್ಕು ಅಥವಾ ಆರು ಪರಮಾಣುಗಳೊಡನೆಯೂ ಇದು ಕೂಡುತ್ತದೆ. ಇದರ ಟ್ರೈಆಕ್ಸೈಡ್ ಮಾತ್ರ ಅಪಾಯದ್ದು, ಒಣಗಿದರೆ ಸಿಡಿಯುತ್ತದೆ.