ಕಲ್ಲಿನ ಬೆಲೆಗೆ ಹೋದ ಮಠ

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದಲ್ಲಿ ಸೇನ್ ನದಿಗೆ ಸಮುದ್ರ ಸೇರುವ ಅವಸರವಿಲ್ಲ. ರುವಾನ್ ನಗರ ದಾಟಿದ ಮೇಲೆ ಅದು ಹಾವಿನಂತೆ ಸುತ್ತಿ ಬಳಸಿ ಹರಿಯುತ್ತದೆ. ಅಂಥದೊಂದು ತಿರುವಿನ ಮಡಿಲಲ್ಲಿ ಜ್ಯೂಮಿಯೇಜ್ ಎಂಬ ಪುಟ್ಟ ಹಳ್ಳಿಯಿದೆ. ಹಣ್ಣಿನ ತೋಟಗಳು, ಹೊಳೆ ದಾಟಿಸುವ ಲಾಂಚು, ಅವೆಲ್ಲದರ ಮೇಲೆ ತಲೆ ಎತ್ತಿ ನಿಂತ 46 ಮೀಟರು ಎತ್ತರದ ಎರಡು ಬಿಳಿ ಗೋಪುರಗಳು. ಗೋಪುರಗಳ ಹಿಂದಿನ ಇಗರ್ಜಿಗೆ ಮಾತ್ರ ಸೂರಿಲ್ಲ.

ಇಲ್ಲಿ ಸನ್ಯಾಸಿ ಮಠವನ್ನು ಕಟ್ಟಿದವನು ಸಂತ ಫಿಲಿಬೆರ್, ಕ್ರಿ.ಶ. 654ರಲ್ಲಿ. ಜಾಗ ಕೊಟ್ಟವರು ದೊರೆ ಎರಡನೇ ಕ್ಲೋವಿಸ್ ಮತ್ತು ರಾಣಿ ಬಾತಿಲ್ಡ್. ಈ ದಂಪತಿಯ ಸುತ್ತ ಒಂದು ಭೀಕರ ಕಥೆ ಹುಟ್ಟಿಕೊಂಡಿದೆ. ದಂಗೆಯೆದ್ದ ಇಬ್ಬರು ಮಕ್ಕಳ ಕಾಲಿನ ನರ ಕತ್ತರಿಸಿ, ಹುಟ್ಟಿಲ್ಲದ ತೆಪ್ಪದಲ್ಲಿ ಮಲಗಿಸಿ ನದಿಗೆ ಬಿಟ್ಟರಂತೆ. ತೆಪ್ಪ ತೇಲುತ್ತ ಬಂದು ಮಠದ ದಡ ಮುಟ್ಟಿತಂತೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಕ್ಲೋವಿಸ್ ಇಪ್ಪತ್ತರ ಹರೆಯದಲ್ಲೇ ತೀರಿಕೊಂಡ. ದಂಗೆಯೇಳುವ ವಯಸ್ಸು ಅವನ ಮಕ್ಕಳಿಗೆ ಆಗಿರಲೇ ಇಲ್ಲ. ಮಠಕ್ಕೆ ರಾಜವಂಶದ ನಂಟು ಅಂಟಿಸಲು ಕಥೆ ಅನುಕೂಲವಾಗಿದ್ದಿರಬೇಕು.

841ರಲ್ಲಿ ಅದೇ ನದಿಯ ಮೇಲೆ ಬಂದ ವೈಕಿಂಗರು ಮಠವನ್ನು ಸುಟ್ಟರು. ವಿಚಿತ್ರವೆಂದರೆ, ಮುಂದೆ ಇಲ್ಲೇ ನೆಲೆಸಿ ನಾರ್ಮನ್ನರೆನಿಸಿದ ಅವರ ವಂಶಜರೇ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಂದು ಕಾಣುವ ದೊಡ್ಡ ಇಗರ್ಜಿಯನ್ನು 1040ರಲ್ಲಿ ಆರಂಭಿಸಿದ ಮಠಾಧಿಪತಿ ರಾಬರ್ಟ್ ಇಂಗ್ಲೆಂಡಿಗೆ ಹೋಗಿ 1051ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, ಮರುವರ್ಷವೇ ಅಲ್ಲಿಂದ ಓಡಿಬರಬೇಕಾಯಿತು. 1067ರಲ್ಲಿ ಇಗರ್ಜಿಯ ಪ್ರತಿಷ್ಠೆ ನಡೆದಾಗ, ಹಿಂದಿನ ವರ್ಷವಷ್ಟೇ ಇಂಗ್ಲೆಂಡನ್ನು ಗೆದ್ದಿದ್ದ ವಿಲಿಯಂ ಸ್ವತಃ ಬಂದಿದ್ದ. 1450ರಲ್ಲಿ ಏಳನೇ ಚಾರ್ಲ್ಸನ ಪ್ರೇಯಸಿ ಆಗ್ನೆಸ್ ಸೊರೆಲ್ ಈ ಊರಿನ ಬಳಿ ತೀರಿಕೊಂಡಾಗ ಅವಳ ಹೃದಯವನ್ನು ಮಠದಲ್ಲಿ ಹೂಳಿದರು.

ಹಾಗಾದರೆ ಇಷ್ಟು ಗಟ್ಟಿ ಕಟ್ಟಡ ಬಿದ್ದದ್ದು ಯಾವ ಯುದ್ಧದಲ್ಲಿ? ಯುದ್ಧದಲ್ಲಲ್ಲ, ವ್ಯಾಪಾರದಲ್ಲಿ. ಫ್ರೆಂಚ್ ಕ್ರಾಂತಿಯ ಸರಕಾರ 1790ರಲ್ಲಿ ಸನ್ಯಾಸಿಗಳನ್ನು ಹೊರಗೆ ಕಳಿಸಿತು. ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ಆಸ್ತಿಯಾಗಿ ಹರಾಜಿಗೆ ಬಂತು. 1802ರಲ್ಲಿ ಇದನ್ನು ಕೊಂಡ ಲಫೋರ್ ಮರದ ವ್ಯಾಪಾರಿ. ಅವನ ಕಣ್ಣಿಗೆ ಅದು ಕಡಿದು ಸಿದ್ಧವಾಗಿದ್ದ ಕಲ್ಲಿನ ರಾಶಿ. ಸಿಡಿಮದ್ದಿಟ್ಟು ಗರ್ಭಗುಡಿಯ ಭಾಗವನ್ನು ಉರುಳಿಸಿದ. ನಡುಗೋಪುರದ ಒಂದು ಪಕ್ಕದ ಗೋಡೆಯಷ್ಟೇ ಉಳಿಯಿತು. ಏಳೂವರೆ ಶತಮಾನ ನಿಂತಿದ್ದ ಇಗರ್ಜಿ ಬಿಡಿ ಕಲ್ಲಾಗಿ ಮಾರಾಟವಾಯಿತು. ಅವನ ನೆರೆಹೊರೆಯವರನ್ನು ಪೂರ್ತಿ ದೂರುವಂತೆಯೂ ಇಲ್ಲ: ಮನೆ ಕಟ್ಟುವವನಿಗೆ ಅಗ್ಗದ ಕಲ್ಲು ಬೇಕು.

ಒಡೆಯುವ ಕೆಲಸ ನಿಲ್ಲಿಸಿದವನು ಅವನ ಅಳಿಯ ಕೋಮೋನ್. 1824ರಲ್ಲಿ ಆಸ್ತಿ ಅವನ ಕೈಗೆ ಬಂತು. ಅಷ್ಟರಲ್ಲಿ ಕಾಲದ ಅಭಿರುಚಿಯೂ ಬದಲಾಗಿತ್ತು; ಕವಿಗಳು, ಚಿತ್ರಕಾರರು ಪಾಳುಗೋಡೆಗಳಲ್ಲಿ ಸೊಬಗು ಕಾಣತೊಡಗಿದ್ದರು. ಫ್ರೆಂಚ್ ಸರಕಾರ ಮಠವನ್ನು ಮರಳಿ ಕೊಂಡದ್ದು 1940ರ ದಶಕದಲ್ಲಿ. ಮಾರಿದ ಕಲ್ಲುಗಳು ಮರಳಲಿಲ್ಲ. ಅವುಗಳಲ್ಲಿ ಕೆಲವನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೈಕ್ಲಿಫ್ ಎಂಬಲ್ಲಿ ಈಗಲೂ ನೋಡಬಹುದು; ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಲಾರ್ಡ್ ಸ್ಟುವರ್ಟ್ 1830ರ ದಶಕದಲ್ಲಿ ಕಟ್ಟಿಸಿದ ಬಂಗಲೆಯ ಗೋಡೆಗಳಲ್ಲಿ ಅವು ಸೇರಿಹೋಗಿವೆ.