ಹಳೆಯ ಜೇಬುಗಡಿಯಾರಗಳ ಸಂಗ್ರಹ

ಹಳೆಯ ಜೇಬುಗಡಿಯಾರಗಳ (ಪಾಕೆಟ್ ವಾಚ್) ಸಂಗ್ರಹವು ಕೈಗಡಿಯಾರಗಳು ರೂಢಿಗೆ ಬರುವ ಮೊದಲು ಬಳಕೆಯಲ್ಲಿದ್ದ ಗಡಿಯಾರಗಳನ್ನು ಕೊಂಡು, ದುರಸ್ತಿ ಮಾಡಿಸಿ, ಕಾಪಾಡುವ ಹವ್ಯಾಸವಾಗಿದೆ. ಇವುಗಳ ಬಹುತೇಕ ಭಾಗಗಳ ತಯಾರಿಕೆ ನಿಂತುಹೋಗಿದೆ. ಹೀಗಾಗಿ ಒಂದು ಗಡಿಯಾರವನ್ನು ಉಳಿಸಲು ಅದೇ ಮಾದರಿಯ ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಅಮೆರಿಕದ ಗಡಿಯಾರಗಳ ವಿಷಯದಲ್ಲಿ ಈ ಸಮಸ್ಯೆ ಸ್ಪಷ್ಟವಾಗಿ ಕಾಣುತ್ತದೆ.

ಹಿನ್ನೆಲೆ

ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಕಂಪನಿಯ ಮೂಲ ಸಂಸ್ಥೆಯನ್ನು 1850ರಲ್ಲಿ ಆರನ್ ಡೆನಿಸನ್ ಮತ್ತು ಸಂಗಡಿಗರು ಸ್ಥಾಪಿಸಿದರು. ಕುಶಲಕರ್ಮಿಯು ಪ್ರತಿಯೊಂದು ಭಾಗವನ್ನೂ ಕೈಯಿಂದ ಹೊಂದಿಸುವ ಬದಲು, ಯಂತ್ರಗಳಿಂದ ಏಕರೂಪದ ಭಾಗಗಳನ್ನು ತಯಾರಿಸುವುದು ಇವರ ಗುರಿಯಾಗಿತ್ತು. ಇದೇ ಹಾದಿಯಲ್ಲಿ ಇಲಿನಾಯ್‌ನ ಎಲ್ಜಿನ್ (1864) ಮತ್ತು ಪೆನ್ಸಿಲ್ವೇನಿಯದ ಹ್ಯಾಮಿಲ್ಟನ್ (1892) ಕಂಪನಿಗಳು ಬೆಳೆದವು. ಇಂದಿನ ಬಿಡಿಭಾಗಗಳ ವ್ಯಾಪಾರಕ್ಕೆ ಈ ಏಕರೂಪತೆಯೇ ಆಧಾರ.

1891ರ ಏಪ್ರಿಲ್‌ನಲ್ಲಿ ಓಹಾಯೊದ ಕಿಪ್ಟನ್‌ನಲ್ಲಿ ಎರಡು ರೈಲುಗಳು ಡಿಕ್ಕಿಯಾದವು. ಆ ಬಳಿಕ ವೆಬ್ ಸಿ. ಬಾಲ್ ಎಂಬ ಆಭರಣ ವ್ಯಾಪಾರಿ ರೈಲ್ವೆ ಸಿಬ್ಬಂದಿಯ ಗಡಿಯಾರಗಳ ತಪಾಸಣೆಯ ವ್ಯವಸ್ಥೆಯನ್ನು ರೂಪಿಸಿದನು. ಕನಿಷ್ಠ 17 ಹರಳುಗಳು, ಐದು ಭಂಗಿಗಳಲ್ಲಿ ಹೊಂದಾಣಿಕೆ, ವಾರಕ್ಕೆ 30 ಸೆಕೆಂಡುಗಳನ್ನು ಮೀರದ ವ್ಯತ್ಯಾಸ ಮುಂತಾದ ನಿಯಮಗಳು ಕ್ರಮೇಣ ಜಾರಿಗೆ ಬಂದವು. ಹ್ಯಾಮಿಲ್ಟನ್ 992ರಂತಹ ರೈಲ್ವೆ ಗಡಿಯಾರಗಳಿಗೆ ಸಂಗ್ರಾಹಕರಲ್ಲಿ ಇಂದಿಗೂ ಬೇಡಿಕೆಯಿದೆ.

ಕವಚ ಮತ್ತು ಯಂತ್ರ

ಅಮೆರಿಕದಲ್ಲಿ ಯಂತ್ರವನ್ನು (ಮೂವ್‌ಮೆಂಟ್) ಒಂದು ಕಂಪನಿಯೂ ಕವಚವನ್ನು (ಕೇಸ್) ಮತ್ತೊಂದು ಕಂಪನಿಯೂ ತಯಾರಿಸುವುದು ಸಾಮಾನ್ಯವಾಗಿತ್ತು. ಗ್ರಾಹಕರು ಅಂಗಡಿಯಲ್ಲಿ ಎರಡನ್ನೂ ಆರಿಸಿ ಜೋಡಿಸಿಕೊಳ್ಳುತ್ತಿದ್ದರು. ಆದ್ದರಿಂದ ಗಡಿಯಾರದ ಕಾಲವನ್ನು ಯಂತ್ರದ ಮೇಲಿನ ಕ್ರಮಸಂಖ್ಯೆಯಿಂದ ಗುರುತಿಸಬೇಕೇ ಹೊರತು ಕವಚದ ಸಂಖ್ಯೆಯಿಂದಲ್ಲ.

ಚಿನ್ನದ ಬೆಲೆ ಏರಿದಾಗ ಕವಚಗಳನ್ನು ಕರಗಿಸಿ ಮಾರಲಾಗುತ್ತದೆ. 1980ರ ಜನವರಿಯಲ್ಲಿ ಬೆಲೆ ಔನ್ಸ್‌ಗೆ 850 ಡಾಲರಿಗೆ ಮುಟ್ಟಿದ ಕಾಲದಲ್ಲಿ ಅನೇಕ ಚಿನ್ನದ ಕವಚಗಳು ಹೀಗೆ ನಾಶವಾದವು. ಕವಚವಿಲ್ಲದೆ ಉಳಿದ ಯಂತ್ರಗಳು ಬಿಡಿಭಾಗಗಳ ಮುಖ್ಯ ಮೂಲವಾಗಿವೆ.

ಬಿಡಿಭಾಗಗಳು

ಹೆಚ್ಚು ಬೇಡಿಕೆಯಿರುವ ಭಾಗಗಳಲ್ಲಿ ಬ್ಯಾಲೆನ್ಸ್ ಚಕ್ರದ ಅಚ್ಚು ಮುಖ್ಯವಾದುದು. ಇದರ ತುದಿಗಳು ಸುಮಾರು 0.1 ಮಿ.ಮೀ. ದಪ್ಪವಿದ್ದು, ಗಡಿಯಾರ ಕೆಳಗೆ ಬಿದ್ದರೆ ಮುರಿಯುತ್ತವೆ. ಹಳೆಯ ಉಕ್ಕಿನ ಮೇನ್‌ಸ್ಪ್ರಿಂಗ್‌ಗಳು ಬಿಗುವು ಕಳೆದುಕೊಳ್ಳುತ್ತವೆ ಅಥವಾ ತುಂಡಾಗುತ್ತವೆ. ಎನಾಮಲ್ ಡಯಲುಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಕಂಪನಿ ಒಂದೇ ಆದರೂ ಗಾತ್ರ ಮತ್ತು ಮಾದರಿ ಬೇರೆಯಾದರೆ ಭಾಗಗಳು ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವವರು ಇವೆರಡನ್ನೂ ಕ್ರಮಸಂಖ್ಯೆಯನ್ನೂ ತಿಳಿದಿರಬೇಕು.

ಮೂಲಸ್ವರೂಪದ ಪ್ರಶ್ನೆ

ಬೇರೆ ಬೇರೆ ಗಡಿಯಾರಗಳ ಕವಚ, ಯಂತ್ರ ಮತ್ತು ಡಯಲುಗಳನ್ನು ಕೂಡಿಸಿದ ಗಡಿಯಾರಕ್ಕೆ ಸಂಗ್ರಾಹಕರಲ್ಲಿ ಬೆಲೆ ಕಡಿಮೆ. ಕವಚದ ಒಳಅಂಚಿನಲ್ಲಿ ಈಗಿನ ತಿರುಪುಗಳಿಗೆ ಹೊಂದದ ಹಳೆಯ ತಿರುಪಿನ ಗುರುತುಗಳಿದ್ದರೆ ಯಂತ್ರ ಬದಲಾಗಿದೆಯೆಂದು ಊಹಿಸಬಹುದು. ಮುಚ್ಚಳವಿಲ್ಲದ ಕವಚದಲ್ಲಿ ಕೀಲಿ ಕೊಡುವ ತಿರುಗಣೆ 12ರ ಬದಲು 3ರ ಬಳಿಯಿರುವುದೂ ಹಲವು ವೇಳೆ ಇಂತಹ ಸುಳಿವೇ. ಆದರೆ ತಯಾರಾದ ಕಾಲದಲ್ಲೇ ಕೆಲವು ಗಡಿಯಾರಗಳು ಹೀಗೆ ಮಾರಾಟವಾಗಿದ್ದುದರಿಂದ ಇದೊಂದನ್ನೇ ನಂಬಲಾಗದು. ಜೋಡಣೆ ತನ್ನಷ್ಟಕ್ಕೆ ದೋಷವಲ್ಲ. ಅದನ್ನು ಮರೆಮಾಚಿ ಮಾರುವುದು ವಂಚನೆ. ಇನ್ನು, ಸುಸ್ಥಿತಿಯ ಗಡಿಯಾರಗಳನ್ನು ಬಿಡಿಭಾಗಗಳ ಲಾಭಕ್ಕಾಗಿ ಬಿಚ್ಚುವುದನ್ನು ಅನೇಕ ಸಂಗ್ರಾಹಕರು ವಿರೋಧಿಸುತ್ತಾರೆ: ಒಮ್ಮೆ ಚದುರಿದ ಭಾಗಗಳು ಮತ್ತೆ ಒಂದುಗೂಡುವುದಿಲ್ಲ.

ಕರ್ನಾಟಕದ ನಂಟು

ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಯನ್ನು ಆರಂಭಿಸಿತು. ಕೈಗಡಿಯಾರಗಳ ಜೊತೆಗೆ ಜೇಬುಗಡಿಯಾರಗಳನ್ನೂ ಅದು ತಯಾರಿಸಿತು. 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಹಳೆಯ ಎಚ್‌ಎಂಟಿ ಕೈಗಡಿಯಾರಗಳಿಗೆ ಹೊಸದಾಗಿ ಮುದ್ರಿಸಿದ ಡಯಲು ಹಾಗೂ ಬೇರೆಡೆಯ ಭಾಗಗಳನ್ನು ಜೋಡಿಸಿ ಮಾರುವುದುಂಟು. ಸಂಗ್ರಾಹಕರು ಇವನ್ನು 'ಮುಂಬೈ ಸ್ಪೆಷಲ್' ಎಂದು ಕರೆಯುತ್ತಾರೆ.