ಕಾವಲು, ಪಹರೆ, ಹಾಜರಿ: ಕೆಲವು ಮಾತುಗಳ ಚರಿತ್ರೆ

ಗಡಿನಾಡಿನಲ್ಲಿ ಬಾಳುವ ನಮಗೆ ಮಾತುಗಳ ಬಡತನವಿಲ್ಲ. ಮಂದ್ರೂಪದ ಸಂತೆಯಲ್ಲಿಯೋ ಅಕ್ಕಲಕೋಟೆಯ ಜಾತ್ರೆಯಲ್ಲಿಯೋ ಅರ್ಧ ತಾಸು ನಿಂತರೆ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ. ಒಂದೇ ಸಂಗತಿಗೆ ನಾಲ್ಕಾರು ಶಬ್ದಗಳಿರುವುದು ನಮ್ಮ ಭಾಗದ ಸಂಪತ್ತು. ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಡುವ ಸಂಗತಿಯನ್ನೇ ತೆಗೆದುಕೊಳ್ಳೋಣ. ಕಾವಲು, ಬೇಹು, ಪಹರೆ, ಗಸ್ತು, ನಿಗಾ, ಪಾಳತ, ಹಾಜರಿ ಎಂದು ಎಷ್ಟೊಂದು ಮಾತುಗಳು! ಇವು ಒಂದೇ ಅರ್ಥದವು ಎಂದು ತೋರಿದರೂ ಹಾಗಲ್ಲ. ಪ್ರತಿಯೊಂದರ ಬೆನ್ನಿಗೂ ಒಂದು ಕಾಲದ ಆಡಳಿತವಿದೆ.

ಮೊದಲು ನಮ್ಮ ಅಚ್ಚಗನ್ನಡದ ಮಾತನ್ನು ನೋಡೋಣ. 'ಕಾವಲು' ಎಂಬುದು 'ಕಾಯ್' ಧಾತುವಿನಿಂದ ಬಂದುದು. ಈ ಧಾತುವಿಗೆ ರಕ್ಷಿಸು ಎಂಬ ಅರ್ಥವೂ ಉಂಟು, ದಾರಿ ನೋಡು ಎಂಬ ಅರ್ಥವೂ ಉಂಟು. ರೈತನು ತೆನೆಗಟ್ಟಿದ ಜೋಳದ ಹೊಲವನ್ನು ಕಾಯುತ್ತಾನೆ, ತಾಯಿಯು ಊರಿಗೆ ಹೋದ ಮಗನಿಗಾಗಿ ಕಾಯುತ್ತಾಳೆ, ಕಷ್ಟ ಬಂದಾಗ ದೇವರೇ ಕಾಯಬೇಕು ಎನ್ನುತ್ತೇವೆ. ಮೂರರಲ್ಲಿಯೂ ಅಕ್ಕರೆಯಿದೆ. 'ಕಣ್' ಶಬ್ದದೊಡನೆ ಕೂಡಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ 'ಕಣ್ಗಾವಲು' ಆಯಿತು. ಇಂದು ಪತ್ರಿಕೆಗಳು ಇಂಗ್ಲಿಷಿನ 'ಸರ್ವೇಲನ್ಸ್' ಎಂಬುದಕ್ಕೆ ಈ ಮಾತನ್ನೇ ಬಳಸುತ್ತಿವೆ.

ಹಳ್ಳಿಯ ಕಾವಲಿನ ಹೊಣೆ ತಳವಾರನದು. ಈ ಹೆಸರು ಬಹು ಪ್ರಾಚೀನವಾದುದು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ 'ಮಹಾತಳವರ' ಎಂಬುದು ದೊಡ್ಡ ಅಧಿಕಾರಿಗಳ ಬಿರುದಾಗಿತ್ತು. ಮರಾಠಿಯಲ್ಲಿ ಊರ ಕಾವಲುಗಾರನಿಗೆ 'ಜಾಗಲ್ಯಾ' ಎಂಬ ಹೆಸರುಂಟು. ಊರೆಲ್ಲ ಮಲಗಿದಾಗ ಎಚ್ಚರವಿರುವವನು ಎಂದು ಅದರರ್ಥ. ಊರು ಅವನಿಗೆ ಸುಗ್ಗಿಯಲ್ಲಿ ಕಾಳು ಕೊಡುತ್ತಿತ್ತು. ಊರಲ್ಲಿ ಕಳವಾದರೆ ಕಳ್ಳನ ಹೆಜ್ಜೆ ಹಿಡಿಯುವುದು ಕಾವಲುಗಾರರ ಕರ್ತವ್ಯ. ಹಿಡಿಯಲಾಗದಿದ್ದರೆ ನಷ್ಟವನ್ನು ಅವರೇ ತುಂಬಿಕೊಡಬೇಕೆಂಬ ಕಟ್ಟಳೆಯು ಮರಾಠರ ಆಳ್ವಿಕೆಯ ಪ್ರದೇಶಗಳಲ್ಲಿ ರೂಢಿಯಲ್ಲಿತ್ತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೋಡುವವನು ನೋಡಿಸಿಕೊಳ್ಳುವವರಿಗೆ ಉತ್ತರ ಹೇಳಬೇಕಾಗಿತ್ತು.

ಅರಸರ ನೋಟ ಬೇರೆ ಬಗೆಯದು. 'ಚಾರ' ಎಂದರೆ ಸಂಚರಿಸುವವನು. ಅರಸನಿಗೆ ಚಾರರೇ ಕಣ್ಣು ಎಂಬ ಅರ್ಥದಲ್ಲಿ ಸಂಸ್ಕೃತವು ಅವನನ್ನು 'ಚಾರಚಕ್ಷು' ಎಂದು ಕರೆಯಿತು. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ಒಂದೆಡೆ ನೆಲೆಸಿದವರು, ತಿರುಗಾಡುವವರು ಎಂದು ಎರಡಾಗಿ ವಿಂಗಡಿಸಿ, ವ್ಯಾಪಾರಿ, ಗೃಹಸ್ಥ, ತಾಪಸ ಮೊದಲಾದ ವೇಷಗಳನ್ನು ಹೇಳುತ್ತದೆ. ಕನ್ನಡದಲ್ಲಿ ಇದಕ್ಕೆ 'ಬೇಹು' ಎಂಬ ಮಾತಿದೆ. ಮುಂದೆ ಸುಲ್ತಾನರ ಕಾಲದಲ್ಲಿ ಪಾರ್ಸಿಯು ಕಚೇರಿಯ ಭಾಷೆಯಾದಾಗ ಕಣ್ಣೋಟವೆಂಬ ಅರ್ಥದ 'ನಿಗಾ', ಸುತ್ತಾಟವೆಂಬ ಅರ್ಥದ 'ಗಸ್ತು' ನಮ್ಮಲ್ಲಿ ಬೇರೂರಿದವು. 'ಪಹರೆ' ಮಾತ್ರ ಮೂಲದಲ್ಲಿ ಸಂಸ್ಕೃತದ 'ಪ್ರಹರ'. ಒಬ್ಬ ಕಾವಲುಗಾರನ ಸರದಿ ಒಂದು ಪ್ರಹರ, ಅಂದರೆ ಮೂರು ತಾಸು. ಮರಾಠಿಯ 'ಪಾಳತ' ಎಂಬುದು ಹೊಂಚು ನೋಡುತ್ತ ಬೆನ್ನಟ್ಟುವ ಕಣ್ಣು.

ಇಂಗ್ಲಿಷಿನ ಮಾತಿನ ಹುಟ್ಟು ಫ್ರಾನ್ಸಿನಲ್ಲಿ. 'ಸುರ್' ಎಂದರೆ ಮೇಲೆ, 'ವೇಯೇ' ಎಂದರೆ ಎಚ್ಚರವಿರು. ಜಾಗಲ್ಯಾನಂತೆಯೇ ಎಚ್ಚರವಿರುವುದು, ಆದರೆ ಮೇಲಿನಿಂದ. 1793ರಲ್ಲಿ ಫ್ರೆಂಚ್ ಕ್ರಾಂತಿಯ ಸರಕಾರವು ಶಂಕಿತರ ಮೇಲೆ ಕಣ್ಣಿಡಲು ಊರೂರಿಗೆ ಇದೇ ಹೆಸರಿನ ಸಮಿತಿಗಳನ್ನು ನೇಮಿಸಿತು. ಆ ಬಳಿಕವೇ ಇದು ಇಂಗ್ಲಿಷಿಗೆ ಬಂದಿತು.

ಈ ಮೇಲಿನಿಂದ ನೋಡುವ ಕಣ್ಣು ನಮ್ಮ ಸೋಲಾಪುರಕ್ಕೂ ಬಂದಿತು. 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಉತ್ತರ ಹಿಂದುಸ್ಥಾನಕ್ಕಾಗಿ ಮಾಡಿತು. 1911ರ ಕಾಯಿದೆಯು ಅದನ್ನು ಮುಂಬಯಿ ಪ್ರಾಂತಕ್ಕೂ ತಂದಿತು. ವ್ಯಕ್ತಿಯು ತಪ್ಪು ಮಾಡಬೇಕಾಗಿರಲಿಲ್ಲ, ಆ ಜಾತಿಯಲ್ಲಿ ಹುಟ್ಟಿದರೆ ಸಾಕಾಗಿತ್ತು. ಹೆಸರು ನೋಂದಣಿ, ಬೆರಳಚ್ಚು, ನಿತ್ಯ ಹಾಜರಿ, ಊರು ಬಿಡಲು ಪಾಸು ಇವು ಅದರ ಉಪಕರಣಗಳು. ಕೈಕಾಡಿ, ಪಾರಧಿ, ಮಾಂಗ ಗಾರುಡಿ ಮೊದಲಾದ ಸಮಾಜದವರನ್ನು ಸೋಲಾಪುರದ ತಂತಿಬೇಲಿಯ ವಸಾಹತಿನಲ್ಲಿ ಇರಿಸಿ, ನಗರದ ಬಟ್ಟೆ ಗಿರಣಿಗಳಲ್ಲಿ ದುಡಿಸಿದರು. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿಯೂ ಇಂಥ ವಸಾಹತುಗಳಿದ್ದವು. ಆ ಬಡಾವಣೆಗಳಿಗೆ ಇಂದಿಗೂ 'ಸೆಟ್ಲಮೆಂಟ್' ಎಂಬ ಹೆಸರೇ ಉಳಿದಿದೆ.

'ಹಾಜರಿ' ಎಂಬ ಮಾತು ಶಿಕ್ಷಕ ವೃತ್ತಿಯ ನಮಗೆ ನಿತ್ಯದ ಮಾತು. ಶಾಲೆಯಲ್ಲಿ ಹೆಸರು ಕರೆದಾಗ ಉತ್ತರ ಬಾರದಿದ್ದರೆ, ಮಗುವಿಗೆ ಜ್ವರವೇ, ಮನೆಯಲ್ಲಿ ತೊಂದರೆಯೇ ಎಂದು ಕೇಳುತ್ತೇವೆ. ಬೇಲಿಯೊಳಗಿನ ಹಾಜರಿಯಲ್ಲಿ ಉತ್ತರ ಬಾರದಿದ್ದರೆ ಅದೇ ಒಂದು ಅಪರಾಧ. ಪುಸ್ತಕ ಒಂದೇ ತೆರನಾದುದು, ಮಾತೂ ಒಂದೇ. ಹೆಸರು ಕರೆಯುವವನ ಮನಸ್ಸು ಮಾತ್ರ ಬೇರೆ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಸ್ವಾತಂತ್ರ್ಯದ ಬಳಿಕ, 1952ರ ಆಗಸ್ಟ್ 31ರಂದು, ಈ ಕಾಯಿದೆಯು ದೇಶದಾದ್ಯಂತ ರದ್ದಾಯಿತು. ಆ ಸಮಾಜಗಳು 'ವಿಮುಕ್ತ'ರೆನಿಸಿದವು. ಆದರೆ ಕಣ್ಣು ಮುಚ್ಚಲಿಲ್ಲ. ರೂಢಿಗತ ಅಪರಾಧಿಗಳ ಕಾಯಿದೆಯು ಮುಂಬಯಿ ರಾಜ್ಯದಲ್ಲಿ 1959ರಲ್ಲಿ ಬಂದಿತು. 1962ರಲ್ಲಿ ಖಡಕ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೊಲೀಸರು ರಾತ್ರಿ ಮನೆಗೆ ಬಂದು ತಪಾಸಣೆ ಮಾಡುವ ನಿಯಮವನ್ನು ರದ್ದುಗೊಳಿಸಿತು. ಆದರೂ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಆ ಕೊರತೆ ನೀಗಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಿಂದ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ.

ಇಂದು ಚೌಕ ಚೌಕಗಳಲ್ಲಿ ಕ್ಯಾಮೆರಾಗಳಿವೆ, ಕೈಯಲ್ಲಿಯ ಮೊಬೈಲು ನಾವು ಹೋದೆಡೆಯನ್ನೆಲ್ಲ ಬರೆದಿಡುತ್ತದೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಕಳ್ಳಕಾಕರ ಭಯವಿರುವಲ್ಲಿ ಕಾವಲು ಬೇಕೇ ಬೇಕು. ಆದರೆ ನಮ್ಮ ಹಿರಿಯರ ಮಾತಿನಲ್ಲಿಯೇ ಅದಕ್ಕೊಂದು ಒರೆಗಲ್ಲು ಇದೆ. ನೋಡುವವನು ನಮ್ಮನ್ನು ಕಾಯುತ್ತಿದ್ದಾನೆಯೇ, ನಮಗೆ ಉತ್ತರ ಹೇಳಲು ಬದ್ಧನೇ? ಹೌದಾದರೆ ಅದು ಕಾವಲು. ಇಲ್ಲವಾದರೆ ಅದು ಪಾಳತ.

ಕೊನೆಯದಾಗಿ ಸಂಘದ ಬಂಧುಗಳಲ್ಲಿ ಒಂದು ವಿನಂತಿ. 'ಸೆಟ್ಲಮೆಂಟಿನವರು' ಎಂಬುದನ್ನು ಬೈಗುಳದಂತೆ ಬಳಸುವ ಚಾಳಿ ನಮ್ಮ ಭಾಗದಲ್ಲಿ ಇನ್ನೂ ಅಳಿದಿಲ್ಲ. ತಂತಿಯ ಬೇಲಿಯನ್ನು ಸರಕಾರ ಕಿತ್ತುಹಾಕಿತು. ನಾಲಗೆಯ ಮೇಲಿನ ಬೇಲಿಯನ್ನು ನಾವೇ ಕೀಳಬೇಕು. ಆ ಮನೆಗಳ ಮಕ್ಕಳು ನಮ್ಮ ಮಕ್ಕಳೊಡನೆ ಒಂದೇ ಹಾಜರಿ ಪುಸ್ತಕದಲ್ಲಿ ಹೆಸರಾಗಿ ಕೂತಿದ್ದಾರೆ. ಅವರ ಮೇಲೆ ನಾವಿಡುವ ಕಣ್ಣು ಕಾಯುವ ಕಣ್ಣಾಗಿರಲಿ.